ಒಂಟಿ ಧ್ರುವದ ಬೇಟೆ: ಒಂದು ಉಂಗುರ, ಒಂದು ಗಣಿ

ಬಂಗಾರಪೇಟೆಯ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಇದು: ‘ದಂಡಕಾಂತವನ್ನು ಎರಡು ತುಂಡು ಮಾಡಿದರೆ ಎರಡು ಕಾಂತಗಳಾಗುತ್ತವೆ, ಪ್ರತಿ ತುಂಡಿಗೂ ಉತ್ತರ ಮತ್ತು ದಕ್ಷಿಣ ಧ್ರುವಗಳಿರುತ್ತವೆ ಎಂದು ಪುಸ್ತಕದಲ್ಲಿದೆ. ತುಂಡು ಮಾಡುತ್ತಲೇ ಹೋದರೆ ಎಂದಾದರೂ ಉತ್ತರ ಧ್ರುವ ಒಂದೇ ಸಿಗುವುದಿಲ್ಲವೇ? ಸಿಗುವುದಿಲ್ಲ ಎಂದು ಯಾರು ನೋಡಿದ್ದಾರೆ?’

ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸುಲಭ. ತುಂಡು ಮಾಡುತ್ತ ಹೋದರೆ ಕೊನೆಗೆ ಪರಮಾಣು ಸಿಗುತ್ತದೆ, ಅದರೊಳಗೆ ಎಲೆಕ್ಟ್ರಾನ್ ಸಿಗುತ್ತದೆ. ಆ ಎಲೆಕ್ಟ್ರಾನೇ ಒಂದು ಪುಟ್ಟ ಕಾಂತ. ಅದಕ್ಕೂ ಎರಡು ಧ್ರುವ. ಹಾಗಾಗಿ ಮುರಿದು ಒಂಟಿ ಧ್ರುವ ಪಡೆಯಲಾಗದು. ಎರಡನೆಯ ಭಾಗವೇ ನಿಜವಾದ ವಿಜ್ಞಾನದ ಪ್ರಶ್ನೆ. ಇಲ್ಲ ಎಂದು ಯಾರು ನೋಡಿದ್ದಾರೆ? ನೋಡಿದವರಿದ್ದಾರೆ. ಒಬ್ಬರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ತಂತಿಸುರುಳಿ ಇಟ್ಟುಕೊಂಡು ಕಾದರು. ಇನ್ನೊಂದು ತಂಡ ಕಾದದ್ದು ಪ್ರಶ್ನೆ ಕೇಳಿದ ಹುಡುಗಿಯ ಊರಿನಿಂದ ಮಾರಿಕುಪ್ಪಂ ರೈಲು ಹತ್ತಿದರೆ ಸಿಗುವ ಕೋಲಾರ ಚಿನ್ನದ ಗಣಿಯ ಪಾತಾಳದಲ್ಲಿ.

ಒಂಟಿ ಧ್ರುವ, ಅಂದರೆ ಏಕಧ್ರುವ, ಇರಬಾರದು ಎಂದು ಪ್ರಕೃತಿ ಎಲ್ಲೂ ಬರೆದಿಟ್ಟಿಲ್ಲ. ಇಂಗ್ಲೆಂಡಿನ ಪಾಲ್ ಡಿರಾಕ್ 1931ರಲ್ಲಿ ಒಂದು ಲೆಕ್ಕ ಮಾಡಿ ತೋರಿಸಿದರು: ವಿಶ್ವದಲ್ಲಿ ಎಲ್ಲೋ ಒಂದೇ ಒಂದು ಏಕಧ್ರುವ ಇದ್ದರೂ ಸಾಕು, ವಿದ್ಯುದಾವೇಶ ಯಾವಾಗಲೂ ಎಲೆಕ್ಟ್ರಾನಿನ ಆವೇಶದ ಪೂರ್ಣ ಗುಣಕವಾಗಿಯೇ ಏಕೆ ಸಿಗುತ್ತದೆ ಎಂಬುದಕ್ಕೆ ಕಾರಣ ಸಿಕ್ಕಂತಾಗುತ್ತದೆ. 1974ರಲ್ಲಿ ನೆದರ್ಲೆಂಡ್ಸಿನ ಗೆರಾರ್ಡ್ ಹೂಫ್ಟ್ ಮತ್ತು ರಷ್ಯಾದ ಅಲೆಕ್ಸಾಂಡರ್ ಪೊಲ್ಯಕೋವ್ ಬೇರೆ ಬೇರೆ ದಾರಿಯಲ್ಲಿ ನಡೆದು, ಮೂಲಬಲಗಳನ್ನು ಒಂದುಗೂಡಿಸುವ ಸಿದ್ಧಾಂತಗಳಲ್ಲಿ ಏಕಧ್ರುವ ತಾನಾಗಿಯೇ ಹುಟ್ಟುತ್ತದೆ ಎಂದು ತೋರಿಸಿದರು. ಮಹಾಸ್ಫೋಟದ ಕಾಲದಲ್ಲಿ ಹುಟ್ಟಿರಬಹುದಾದ ಇಂಥ ಕಣ ಒಂದು ಬ್ಯಾಕ್ಟೀರಿಯಾಕ್ಕಿಂತಲೂ ಭಾರ! ಯಾವ ಯಂತ್ರದಲ್ಲೂ ಅದನ್ನು ತಯಾರಿಸಲಾಗದು. ಅದಾಗಿಯೇ ಬಂದರೆ ಹಿಡಿಯಬೇಕು. ಹಿಡಿಯುವುದು ಹೇಗೆ?

ಸುರುಳಿಯೊಳಗೆ ಹಾದುಹೋದರೆ

ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಇದರ ಬೀಜ ಇದೆ. ತಾಮ್ರದ ತಂತಿಯ ಸುರುಳಿಯನ್ನು ಗ್ಯಾಲ್ವನೋಮೀಟರಿಗೆ ಜೋಡಿಸಿ. ಒಂದು ದಂಡಕಾಂತವನ್ನು ಸುರುಳಿಯೊಳಗಿಂದ ಈ ಕಡೆಯಿಂದ ಆ ಕಡೆಗೆ ಪೂರ್ತಿ ದಾಟಿಸಿ. ಮುಳ್ಳು ಮೊದಲು ಒಂದು ಬದಿಗೆ ಬಾಗುತ್ತದೆ, ಆಮೇಲೆ ಇನ್ನೊಂದು ಬದಿಗೆ. ಒಳಗೆ ಹೋಗುವಾಗ ಎಷ್ಟು ವಿದ್ಯುತ್ತು ಹರಿಯಿತೋ ಹೊರಗೆ ಬರುವಾಗ ಅಷ್ಟೇ ವಿರುದ್ಧ ದಿಕ್ಕಿಗೆ ಹರಿಯುತ್ತದೆ. ಒಟ್ಟು ಲೆಕ್ಕ ಸೊನ್ನೆ. ಉತ್ತರ ಧ್ರುವ ಕೊಟ್ಟದ್ದನ್ನು ದಕ್ಷಿಣ ಧ್ರುವ ಕಿತ್ತುಕೊಂಡಿತು.

ಈಗ ಉತ್ತರ ಧ್ರುವ ಒಂದೇ ಹಾದುಹೋಯಿತು ಎನ್ನಿ. ಕಿತ್ತುಕೊಳ್ಳಲು ಹಿಂದೆ ದಕ್ಷಿಣ ಧ್ರುವ ಇಲ್ಲ. ಕೊಟ್ಟದ್ದು ಕೊಟ್ಟಂತೆಯೇ ಉಳಿಯಬೇಕು. ಆದರೆ ತಾಮ್ರದ ಸುರುಳಿಯಲ್ಲಿ ಅದು ಉಳಿಯುವುದಿಲ್ಲ. ತಂತಿಯ ರೋಧ ಆ ವಿದ್ಯುತ್ತನ್ನು ಕ್ಷಣಮಾತ್ರದಲ್ಲಿ ಶಾಖವಾಗಿ ಕರಗಿಸಿಬಿಡುತ್ತದೆ. ತೂತು ಕೊಡದಲ್ಲಿ ನೀರು ಅಳೆದಂತೆ. ಸೋರದ ಕೊಡ ಬೇಕು.

ಆ ಕೊಡ 1911ರಲ್ಲೇ ಸಿಕ್ಕಿತ್ತು. ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ದ್ರವ ಹೀಲಿಯಮ್ಮಿನಲ್ಲಿ ತಣಿಸಿದಾಗ, ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಇಲ್ಲವಾಯಿತು. ಈ ಗುಣಕ್ಕೆ ಅತಿವಾಹಕತೆ ಎಂದು ಹೆಸರು. ಅತಿವಾಹಕ ತಂತಿಯ ಉಂಗುರದಲ್ಲಿ ಒಮ್ಮೆ ವಿದ್ಯುತ್ತನ್ನು ಹರಿಯಬಿಟ್ಟರೆ, ತಣ್ಣಗಿರುವವರೆಗೆ ಅದು ಸುತ್ತುತ್ತಲೇ ಇರುತ್ತದೆ. ಬ್ಯಾಟರಿ ಬೇಡ. ಇಂಥ ಉಂಗುರದೊಳಗೆ ಒಂಟಿ ಧ್ರುವ ಹಾದರೆ ಅದರ ಗುರುತು ಅಳಿಸದೆ ಉಳಿಯುತ್ತದೆ. ಕಣ ನಿಧಾನ ಬರಲಿ, ವೇಗವಾಗಿ ಬರಲಿ, ಹಗುರ ಇರಲಿ, ಭಾರ ಇರಲಿ, ಗುರುತು ಒಂದೇ ಅಳತೆಯದು.

ಕೋಲಾಟದ ಲೆಕ್ಕ

ಆ ಗುರುತು ಎಷ್ಟು ಚಿಕ್ಕದು? ಅದನ್ನು ತಿಳಿಯಲು ಅತಿವಾಹಕದ ಒಳಗೆ ಇಣುಕಬೇಕು. ಸಾಮಾನ್ಯ ತಂತಿಯಲ್ಲಿ ಎಲೆಕ್ಟ್ರಾನುಗಳು ಸಂತೆಯ ಜನದಂತೆ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ನುಗ್ಗುತ್ತವೆ. ಅತಿವಾಹಕದಲ್ಲಿ ಅವು ಜೋಡಿ ಜೋಡಿಯಾಗಿ, ಕೋಲಾಟದವರಂತೆ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ವೃತ್ತದಲ್ಲಿ ಕೋಲಾಟ ಆಡುವಾಗ ಒಂದು ನಿಯಮವಿದೆ: ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬಂದಾಗ ತಾಳ ಸರಿಯಾಗಿ ಕೂಡಬೇಕು. ಅರ್ಧ ಹೆಜ್ಜೆ ಉಳಿದರೆ ಆಟ ಕೆಡುತ್ತದೆ. ಉಂಗುರದಲ್ಲಿ ಸುತ್ತುವ ಎಲೆಕ್ಟ್ರಾನು ಜೋಡಿಗಳಿಗೂ ಇದೇ ಕಟ್ಟಳೆ. ಇದರ ಪರಿಣಾಮವಾಗಿ ಅತಿವಾಹಕ ಉಂಗುರದೊಳಗೆ ಕಾಂತಬಲರೇಖೆಗಳ ಒಟ್ಟು ಮೊತ್ತ, ಅಂದರೆ ಫ್ಲಕ್ಸ್, ಬೇಕಾದಷ್ಟು ಇರುವಂತಿಲ್ಲ. ಒಂದು, ಎರಡು, ಮೂರು ಎಂದು ಬಿಡಿ ಬಿಡಿಯಾಗಿಯೇ ಇರಬೇಕು. ಅಂಗಡಿಯಲ್ಲಿ ಎಣ್ಣೆ ಅಳೆದು ಕೊಡುತ್ತಾರೆ, ತೆಂಗಿನಕಾಯಿ ಎಣಿಸಿ ಕೊಡುತ್ತಾರಲ್ಲವೇ? ಇಲ್ಲಿ ಫ್ಲಕ್ಸ್ ತೆಂಗಿನಕಾಯಿಯ ಹಾಗೆ. 1961ರಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ತಂಡಗಳು ಇದನ್ನು ಪ್ರಯೋಗದಿಂದ ಸ್ಥಾಪಿಸಿದವು.

ಈ ಒಂದು ಬಿಡಿಯ ಹೆಸರು ಫ್ಲಕ್ಸ್ ಕ್ವಾಂಟಂ. ಇದು ಎಷ್ಟು ಚಿಕ್ಕದೆಂದರೆ, ನಮ್ಮ ರಕ್ತದ ಒಂದು ಕೆಂಪುಕಣದಷ್ಟು ಅಗಲದ ಉಂಗುರ ಮಾಡಿ ಭೂಮಿಯ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಹಿಡಿದರೆ, ಅದರೊಳಗೆ ಹಾಯುವ ಫ್ಲಕ್ಸ್ ಹೆಚ್ಚುಕಡಿಮೆ ಒಂದು ಕ್ವಾಂಟಂ ಅಷ್ಟೇ. ಡಿರಾಕ್ ಲೆಕ್ಕದ ಏಕಧ್ರುವವೊಂದು ಅತಿವಾಹಕ ಉಂಗುರದೊಳಗೆ ಹಾದರೆ ಸರಿಯಾಗಿ ಎರಡು ಕ್ವಾಂಟಂ ಬದಲಾವಣೆ ಆಗಬೇಕು. ಒಂದೂವರೆ ಅಲ್ಲ, ಎರಡೂಕಾಲೂ ಅಲ್ಲ.

ಇಷ್ಟು ಸಣ್ಣದನ್ನು ಓದುವ ಉಪಕರಣವೇ ‘ಸ್ಕ್ವಿಡ್’. 1962ರಲ್ಲಿ ಕೇಂಬ್ರಿಜ್‌ನ 22 ವರ್ಷದ ವಿದ್ಯಾರ್ಥಿ ಬ್ರಯಾನ್ ಜೋಸೆಫ್‌ಸನ್, ಎರಡು ಅತಿವಾಹಕಗಳ ನಡುವೆ ಅತಿ ತೆಳುವಾದ ನಿರೋಧಕ ಪದರವಿದ್ದರೂ ಎಲೆಕ್ಟ್ರಾನು ಜೋಡಿಗಳು ತಾಳ ತಪ್ಪದೆ ಅದನ್ನು ದಾಟಿ ಹೋಗುತ್ತವೆ ಎಂದು ಲೆಕ್ಕ ಹಾಕಿದ. (ಇದಕ್ಕಾಗಿ 1973ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.) 1964ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯ ಪ್ರಯೋಗಾಲಯದಲ್ಲಿ ಅತಿವಾಹಕ ಉಂಗುರವೊಂದರಲ್ಲಿ ಇಂಥ ಎರಡು ಸಂಧಿಗಳನ್ನು ಇಟ್ಟರು. ವಿದ್ಯುತ್ತು ಉಂಗುರದ ಎರಡು ಕವಲುಗಳಲ್ಲಿ ಹರಿದು ಮತ್ತೆ ಕೂಡುತ್ತದೆ. ಕೆರೆಯಲ್ಲಿ ಎರಡು ಕಲ್ಲು ಎಸೆದರೆ ಅಲೆಗಳು ಒಂದೆಡೆ ಕೂಡಿ ಎದ್ದು, ಇನ್ನೊಂದೆಡೆ ಒಂದನ್ನೊಂದು ಅಡಗಿಸುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಉಂಗುರದೊಳಗಿನ ಫ್ಲಕ್ಸ್ ಒಂದು ಕ್ವಾಂಟಂ ಹೆಚ್ಚುವಷ್ಟರಲ್ಲಿ ಉಂಗುರದ ವೋಲ್ಟೇಜ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಆ ಏರಿಳಿತದ ನಡುವಣ ಸಣ್ಣ ಭಾಗವನ್ನೂ ಎಲೆಕ್ಟ್ರಾನಿಕ್ ಮಂಡಲದಿಂದ ಓದಿದರೆ ಒಂದು ಕ್ವಾಂಟಮ್ಮಿನ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಕೂಡ ಗುರುತಿಸಬಹುದು.

ಈ ಸೂಕ್ಷ್ಮತೆ ಬರೀ ಏಕಧ್ರುವದ ಬೇಟೆಗೆ ಮಾತ್ರವಲ್ಲ. ನಮ್ಮ ಹೃದಯ ಬಡಿಯುವಾಗ ಎದೆಯ ಹೊರಗೆ ಹುಟ್ಟುವ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಕ್ಷೀಣ. ಮಿದುಳಿನದು ಕೋಟಿಗಟ್ಟಲೆ ಪಟ್ಟು ಕ್ಷೀಣ. ಎರಡನ್ನೂ ಸ್ಕ್ವಿಡ್ ಓದಬಲ್ಲದು. ತಲೆಗೆ ಸೂಜಿ ಚುಚ್ಚದೆ, ಕ್ಷಕಿರಣ ಹಾಯಿಸದೆ, ಅಪಸ್ಮಾರದ ಮೂಲ ಮಿದುಳಿನ ಯಾವ ಭಾಗದಲ್ಲಿದೆ ಎಂದು ಹುಡುಕಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಯಂತ್ರವಿದೆ. ಕಲ್ಪಾಕ್ಕಂನ ಇಂದಿರಾಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸ್ಕ್ವಿಡ್‌ಗಳನ್ನು ತಾವೇ ತಯಾರಿಸಿ ಹೃದಯ ಮತ್ತು ಮಿದುಳಿನ ಕಾಂತಸಂಜ್ಞೆಗಳನ್ನು ದಾಖಲಿಸಿದ್ದಾರೆ.

ಮೊದಲು ಸದ್ದು ಅಡಗಬೇಕು

ಒಳ್ಳೆಯ ಕಿವಿ ಇದ್ದರಷ್ಟೇ ಸಾಲದು. ಬಂಗಾರಪೇಟೆ ಜಂಕ್ಷನ್‌ನಲ್ಲಿ ಎಕ್ಸ್‌ಪ್ರೆಸ್ ರೈಲು ಹಾಯುವಾಗ ಪಕ್ಕದವರ ಕೈಗಡಿಯಾರದ ಟಿಕ್ ಟಿಕ್ ಕೇಳೀತೇ? ಸ್ಕ್ವಿಡ್‌ಗೆ ಭೂಮಿಯ ಕಾಂತಕ್ಷೇತ್ರವೇ ಒಂದು ರೈಲು. ಬೀದಿಯಲ್ಲಿ ಹೋಗುವ ಬಸ್ಸು, ಗೋಡೆಯ ವಿದ್ಯುತ್ ತಂತಿ, ಮೇಲಂತಸ್ತಿನ ಕಬ್ಬಿಣದ ಬೀರು, ಎಲ್ಲವೂ ಗದ್ದಲವೇ. ಆದ್ದರಿಂದ ಉಪಕರಣವನ್ನು ಅತಿವಾಹಕವಾದ ಸೀಸದ ಕವಚದಲ್ಲಿ ಮುಚ್ಚುತ್ತಾರೆ. ಅತಿವಾಹಕದ ಗೋಡೆ ಹೊರಗಿನ ಕಾಂತಕ್ಷೇತ್ರದ ಬದಲಾವಣೆಯನ್ನು ಒಳಗೆ ಬಿಡುವುದಿಲ್ಲ. ಆದರೆ ಏಕಧ್ರುವದಂಥ ಭಾರಿ ಕಣ ಆ ಗೋಡೆಯನ್ನು ತೂರಿ ಬರಬಲ್ಲದು.

ಸ್ಟ್ಯಾನ್‌ಫರ್ಡಿನ ಬ್ಲಾಸ್ ಕಬ್ರೆರಾ ಹೀಗೆಯೇ ಮಾಡಿದರು. ನಯೋಬಿಯಂ ಲೋಹದ ತಂತಿಯಿಂದ 5 ಸೆಂಟಿಮೀಟರ್ ಅಗಲದ, ನಾಲ್ಕು ಸುತ್ತಿನ ಸುರುಳಿ ಮಾಡಿ, ಸ್ಕ್ವಿಡ್‌ಗೆ ಜೋಡಿಸಿ, ಕವಚದೊಳಗಿಟ್ಟು, ದ್ರವ ಹೀಲಿಯಮ್ಮಿನಲ್ಲಿ ತಣಿಸಿ, ಕಾಯತೊಡಗಿದರು. ಒಂದು ಸುತ್ತಿಗೆ ಎರಡು ಕ್ವಾಂಟಂ, ನಾಲ್ಕು ಸುತ್ತಿಗೆ ಎಂಟು. ದಾಖಲೆಯ ಕಾಗದದ ಮೇಲಿನ ಗೆರೆ ಎಂಟು ಕ್ವಾಂಟಂ ಎತ್ತರದ ಮೆಟ್ಟಿಲು ಹತ್ತಿದರೆ ಏಕಧ್ರುವ ಬಂದಂತೆ.

1982ರ ಫೆಬ್ರುವರಿ 14, ಭಾನುವಾರ ಮಧ್ಯಾಹ್ನ. ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಗೆರೆ ಮೆಟ್ಟಿಲು ಹತ್ತಿತು. ಎತ್ತರ ಎಂಟು ಕ್ವಾಂಟಂ, ನೂರಕ್ಕೆ ಐದರಷ್ಟು ವ್ಯತ್ಯಾಸದೊಳಗೆ!

ಕಬ್ರೆರಾ ಏನು ಮಾಡಬೇಕಿತ್ತು? ಪತ್ರಿಕಾಗೋಷ್ಠಿ ಕರೆದು ‘ಸಿಕ್ಕಿತು’ ಎನ್ನಬಹುದಿತ್ತು. ಅವರು ಮೊದಲು ಮಾಡಿದ್ದು ತಮ್ಮ ಯಂತ್ರವನ್ನೇ ಸಂದೇಹಿಸುವ ಕೆಲಸ. ತಟ್ಟಿ ನೋಡಿದರು, ಬೇರೆ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಯಾವುದರಿಂದಲೂ ಅಷ್ಟು ದೊಡ್ಡ ಮೆಟ್ಟಿಲು ಮೂಡಲಿಲ್ಲ. ಆದರೂ ಒಳಗಿನ ಲೋಹದ ಬಿಗಿತ ತಾನಾಗಿ ಸಡಿಲಿ ಹೀಗಾಗಿರಬಹುದು ಎಂಬ ಸಂದೇಹವನ್ನು ಪೂರ್ತಿ ತಳ್ಳಿಹಾಕಲಾಗಲಿಲ್ಲ. ಅದೇ ವರ್ಷದ ಲೇಖನದಲ್ಲಿ ಕಂಡದ್ದನ್ನೂ ಬರೆದರು, ಸಂದೇಹವನ್ನೂ ಬರೆದರು. ಆಮೇಲೆ ಇನ್ನೂ ದೊಡ್ಡ ಸುರುಳಿಗಳನ್ನು ಕಟ್ಟಿ ಮತ್ತೆ ಕಾಯತೊಡಗಿದರು.

ನಮ್ಮ ನೆಲದ ಕೆಳಗೆ

ಸ್ಟ್ಯಾನ್‌ಫರ್ಡ್ ಮೌನವನ್ನು ಸೀಸದ ಚೀಲದಲ್ಲಿ ಪಡೆದರೆ, ಕೋಲಾರದ ಮೌನ ಬಂಡೆಯಿಂದ ಬಂತು. ಆಕಾಶದಿಂದ ವಿಶ್ವಕಿರಣಗಳ ಮಳೆ ಸದಾ ಸುರಿಯುತ್ತಿರುತ್ತದೆ. ಅದರಲ್ಲಿನ ಮ್ಯುಆನ್ ಎಂಬ ಕಣಗಳು ನಿಮ್ಮ ಅಂಗೈಯನ್ನು ಸೆಕೆಂಡಿಗೆ ಒಂದರಂತೆ ತೂರಿ ಹೋಗುತ್ತಿವೆ. ಅಪರೂಪದ ಕಣ ಹುಡುಕುವವರಿಗೆ ಇದೇ ಗದ್ದಲ. ಎರಡು ಕಿಲೋಮೀಟರಿಗೂ ಹೆಚ್ಚು ಬಂಡೆಯ ಕೆಳಗೆ ಹೋದರೆ ಇವುಗಳಲ್ಲಿ ಕೋಟಿಗೆ ಒಂದೂ ಉಳಿಯುವುದಿಲ್ಲ.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಕೋಲಾರ ಗಣಿಗಿಳಿದು ಬೇರೆ ಬೇರೆ ಆಳದಲ್ಲಿ ಮ್ಯುಆನ್‌ಗಳನ್ನು ಎಣಿಸಲು ಆರಂಭಿಸಿದರು. 1960ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಸುಮಾರು 2,700 ಮೀಟರಿಗೂ ಕೆಳಗೆ ಉಪಕರಣ ಇಟ್ಟು ಎರಡು ತಿಂಗಳಷ್ಟು ಕಾಯಿತು. ಎಣಿಕೆ ಎಷ್ಟು ಬಂತು ಗೊತ್ತೇ? ಸೊನ್ನೆ.

ಇನ್ನೊಬ್ಬರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು ಆ ಸೊನ್ನೆಯನ್ನು ಹೀಗೆ ಓದಿದರು: ಮ್ಯುಆನ್ ಗದ್ದಲ ಇಲ್ಲಿ ಅಡಗಿದೆ, ಹಾಗಾದರೆ ಯಾವ ಬಂಡೆಯೂ ತಡೆಯಲಾರದ ನ್ಯೂಟ್ರಿನೊಗಳನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ಜೊತೆಗೂಡಿ 2.3 ಕಿಲೋಮೀಟರ್ ಆಳದಲ್ಲಿ ಹೊಸ ಉಪಕರಣ ಇಟ್ಟರು. 1965ರಲ್ಲಿ, ವಾಯುಮಂಡಲದಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳ ಗುರುತು ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ಜಗತ್ತಿನಲ್ಲಿ ಇವೆರಡೇ ಮೊದಲು.

1980ರಲ್ಲಿ ಅದೇ ಆಳದಲ್ಲಿ ಸುಮಾರು 140 ಟನ್ ತೂಕದ ಇನ್ನೊಂದು ಉಪಕರಣ ಕೆಲಸ ಆರಂಭಿಸಿತು. ಕಬ್ಬಿಣದ ಹಾಳೆಗಳು, ನಡುನಡುವೆ ಅನಿಲ ತುಂಬಿದ ಕೊಳವೆಗಳು, ಒಟ್ಟು 34 ಪದರ. ಮುಖ್ಯ ಉದ್ದೇಶ ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ನೋಡುವುದು. ಇಲ್ಲೊಂದು ಸ್ವಾರಸ್ಯ. ಪ್ರೋಟಾನ್ ಒಡೆಯಬಹುದು ಎನ್ನುವ ಸಿದ್ಧಾಂತಗಳೇ ಏಕಧ್ರುವವೂ ಇರಬೇಕು ಎನ್ನುತ್ತವೆ. ಅಷ್ಟೇ ಅಲ್ಲ, ಭಾರಿ ಏಕಧ್ರುವವೊಂದು ಕಬ್ಬಿಣದೊಳಗೆ ನಿಧಾನವಾಗಿ ಹಾದರೆ ದಾರಿಯುದ್ದಕ್ಕೂ ಪ್ರೋಟಾನುಗಳನ್ನು ಒಡೆಸುತ್ತ ಹೋಗಬಹುದು ಎಂದು 1980ರ ದಶಕದ ಆರಂಭದಲ್ಲಿ ಕೆಲವರು ಲೆಕ್ಕ ಹಾಕಿದ್ದರು. ಹಾಗಾದರೆ ಪದರ ಪದರದಲ್ಲಿ ನಿಧಾನಗತಿಯ ಜಾಡು ಮೂಡಬೇಕು. ಸುರುಳಿಯಲ್ಲಿ ಮೆಟ್ಟಿಲು ಹುಡುಕಿದಂತೆ ಇಲ್ಲಿ ಜಾಡು ಹುಡುಕಿದರು.

1984ರಲ್ಲಿ ಕೋಲಾರದ ತಂಡ ತನ್ನ ಉತ್ತರವನ್ನು ಪ್ರಕಟಿಸಿತು. ‘ಇಷ್ಟು ಜಾಗದಲ್ಲಿ, ಇಷ್ಟು ದಿನ ಕಾದೆವು, ಏಕಧ್ರುವ ಬರಲಿಲ್ಲ, ಆದ್ದರಿಂದ ಅವು ಬರುವುದೇ ಆದರೆ ಇದಕ್ಕಿಂತ ವಿರಳ’ ಎಂಬುದು ಅದರ ತಾತ್ಪರ್ಯ. ಪ್ರೋಟಾನ್ ವಿಷಯದಲ್ಲೂ ಹೀಗೆಯೇ ಆಯಿತು. 1981ರಲ್ಲಿ ಈ ತಂಡ ಪ್ರೋಟಾನ್ ಒಡೆದದ್ದಿರಬಹುದಾದ ಕೆಲವು ಘಟನೆಗಳನ್ನು ವರದಿ ಮಾಡಿತ್ತು. ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಮಿಯೊಕದಲ್ಲಿ ಇನ್ನೂ ದೊಡ್ಡ ಉಪಕರಣಗಳು ಎದ್ದವು. ಅಲ್ಲಿ ಅವಕ್ಕೆ ಬೆಂಬಲ ಸಿಗಲಿಲ್ಲ. ಪ್ರೋಟಾನ್ ಇಂದಿಗೂ ಒಡೆದು ಸಿಕ್ಕಿಲ್ಲ. ಕಬ್ರೆರಾ ಅವರ ಮೆಟ್ಟಿಲೂ ಮತ್ತೆ ಬರಲಿಲ್ಲ. ದೊಡ್ಡ ಸುರುಳಿಗಳು ವರ್ಷಗಟ್ಟಲೆ ಕಾದವು, ಬರಲಿಲ್ಲ. ಅಪೊಲೊ ಯಾತ್ರಿಗಳು ತಂದ ಚಂದ್ರಶಿಲೆಗಳನ್ನು ಅತಿವಾಹಕ ಸುರುಳಿಯಲ್ಲಿ ಹಾಯಿಸಿ ನೋಡಿದ್ದರು, ಸಿಗಲಿಲ್ಲ. ಈಚಿನ ವರ್ಷಗಳಲ್ಲಿ ಸರ್ನ್ ಪ್ರಯೋಗಾಲಯದ ಮಹಾಯಂತ್ರದ ಪಕ್ಕದಲ್ಲಿಟ್ಟ ಅಲ್ಯುಮಿನಿಯಂ ಸರಳುಗಳನ್ನು ಸ್ಕ್ವಿಡ್‌ನಿಂದ ಒಂದೊಂದಾಗಿ ಪರೀಕ್ಷಿಸಿದ್ದಾರೆ; ಅವುಗಳಲ್ಲೂ ಇಲ್ಲ.

ಸೊನ್ನೆಯ ಬೆಲೆ

ಹಾಗಾದರೆ ಇಷ್ಟೆಲ್ಲ ಮಾಡಿ ಬಂದದ್ದೇನು ಎಂದು ಪೋಷಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬಂದದ್ದು ಪ್ರಾಮಾಣಿಕವಾದ ಒಂದು ‘ಇಲ್ಲ’. ಏನೂ ನೋಡದೆ ‘ಇಲ್ಲ’ ಎನ್ನುವುದು ಬೇರೆ. ಬಂಡೆಯ ಕೆಳಗೆ, ಸೀಸದ ಕವಚದೊಳಗೆ, ಬಂದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಉಪಕರಣ ಇಟ್ಟು, ದಿನಗಳನ್ನು ಎಣಿಸಿ ‘ಇಷ್ಟರಮಟ್ಟಿಗೆ ಇಲ್ಲ’ ಎನ್ನುವುದು ಬೇರೆ. ಮೊದಲನೆಯದು ಅಭಿಪ್ರಾಯ. ಎರಡನೆಯದು ಅಳತೆ. ಕೋಲಾರದ ಆ ಎರಡು ತಿಂಗಳ ಸೊನ್ನೆ ಇಲ್ಲದಿದ್ದರೆ 1965ರ ನ್ಯೂಟ್ರಿನೊ ಪ್ರಯೋಗವೇ ನಡೆಯುತ್ತಿರಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಪ್ರಯೋಗದ ರೆಕಾರ್ಡ್ ಪುಸ್ತಕಗಳನ್ನು ತಿರುವಿದರೆ ಒಂದು ವಿಚಿತ್ರ ಕಾಣುತ್ತದೆ. ಮೂವತ್ತು ಮಕ್ಕಳ ಪುಸ್ತಕದಲ್ಲೂ ಉತ್ತರ ಒಂದೇ, ದಶಮಾಂಶದ ಎರಡನೆಯ ಸ್ಥಾನದವರೆಗೂ. ಮೊದಲು ಉತ್ತರ ಬರೆದು, ಹಿಂದಕ್ಕೆ ಲೆಕ್ಕ ಮಾಡಿ, ಓದಿದ ಅಂಕಿಗಳನ್ನು ತುಂಬಿಸಿರುತ್ತಾರೆ. ಅಂಕ ಕಡಿಮೆಯಾದೀತೆಂಬ ಭಯ. ಆ ಭಯ ಹುಟ್ಟಿಸಿದವರು ಮಕ್ಕಳಲ್ಲ, ನಾವು. ಮೇಷ್ಟ್ರುಗಳು ಮತ್ತು ಪೋಷಕರು. ಮುಳ್ಳು ಕದಲದಿದ್ದರೆ ‘ಕದಲಲಿಲ್ಲ’ ಎಂದು ಬರೆಯಲು ಧೈರ್ಯವಿಲ್ಲದ ವಿದ್ಯಾರ್ಥಿ ನಾಳೆ ಔಷಧದ ಪರೀಕ್ಷೆ ಮಾಡಿದಾಗ, ಸೇತುವೆಯ ಕಾಂಕ್ರೀಟ್ ಪರೀಕ್ಷೆ ಮಾಡಿದಾಗ ಏನು ಬರೆದಾನು? ಯೋಚಿಸಿ.

ವಿದ್ಯಾರ್ಥಿಗಳು ಈ ವಾರ ಒಂದು ಕೆಲಸ ಮಾಡಿ. ನೂರು ಸುತ್ತಿನ ಸುರುಳಿ, ಗ್ಯಾಲ್ವನೋಮೀಟರ್, ದಂಡಕಾಂತ, ಇಷ್ಟಿದ್ದರೆ ಸಾಕು. ಕಾಂತವನ್ನು ಬೇರೆ ಬೇರೆ ವೇಗದಲ್ಲಿ ಹತ್ತು ಸಲ ದಾಟಿಸಿ, ಮುಳ್ಳು ಎರಡೂ ಬದಿಗೆ ಎಷ್ಟೆಷ್ಟು ಬಾಗಿತು ಎಂದು ಬರೆದಿಡಿ. ಎರಡು ಬದಿಯ ಅಂಕಿ ಸಮನಾಗಿ ಬಾರದಿದ್ದರೆ ತಿದ್ದಬೇಡಿ. ಏಕೆ ಬರಲಿಲ್ಲ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಕಾಂತದ ವೇಗ ಒಳಗೂ ಹೊರಗೂ ಒಂದೇ ಇತ್ತೇ? ಮುಳ್ಳು ಮೊದಲೇ ಸೊನ್ನೆಯ ಮೇಲೆ ನಿಂತಿತ್ತೇ? ಪಕ್ಕದಲ್ಲಿ ಇನ್ನೊಂದು ಕಾಂತವಿತ್ತೇ?

1990ರ ದಶಕದ ಮೊದಲ ಭಾಗದಲ್ಲಿ ಕೋಲಾರದ ಆಳದ ಪ್ರಯೋಗಗಳು ನಿಂತವು. 2001ರ ಫೆಬ್ರುವರಿ 28ರಂದು ಗಣಿಯೂ ಮುಚ್ಚಿತು. ಆಳದ ಸುರಂಗಗಳಿಗೆ ನೀರು ತುಂಬಿತು. ಗಣಿ ಊರಿನ ಮಕ್ಕಳಿಗೆ ಇಂದು ಸೈನೈಡ್ ದಿಬ್ಬಗಳು ಮಾತ್ರ ಕಾಣುತ್ತವೆ, ಇಲ್ಲಿಂದ ಹೊರಟದ್ದು ಚಿನ್ನ ಮಾತ್ರ ಎಂದು ತಿಳಿದಿದ್ದಾರೆ. ಚಿನ್ನದ ಜೊತೆಗೆ ಜಗತ್ತಿನ ಭೌತಶಾಸ್ತ್ರದ ಪುಸ್ತಕಗಳಿಗೆ ಕೆಲವು ನಂಬಿಕಸ್ಥ ಅಂಕಿಗಳೂ ಇಲ್ಲಿಂದ ಹೋಗಿವೆ ಎಂದು ಅವರಿಗೆ ಹೇಳಿ. ಅವುಗಳಲ್ಲಿ ಹಲವು ಸೊನ್ನೆಯ ಪಕ್ಕದ ಅಂಕಿಗಳು. ಏಕಧ್ರುವ ಇಲ್ಲ ಎಂದು ಯಾರು ನೋಡಿದ್ದಾರೆ ಎಂದು ಕೇಳಿದ ಹುಡುಗಿಗೆ ಉತ್ತರ ಇದು: ನಿಮ್ಮ ಊರಿನ ನೆಲದ ಕೆಳಗೆ ನೋಡಿದ್ದಾರಮ್ಮ, ಇನ್ನೂ ಹಲವು ಕಡೆ ನೋಡಿದ್ದಾರೆ. ಎಲ್ಲ ಕಡೆಯೂ ನೋಡಿ ಮುಗಿದಿಲ್ಲ.